ಪೆಟ್ಟಿಗೆ ಬಿಚ್ಚಿದ ದಿನವೇ ಇಬ್ಬರು ಆಡೋಕೆ ಆಗುತ್ತಾ? ಪಿಎಸ್ 5, ಎಕ್ಸ್‌ಬಾಕ್ಸ್, ಸ್ವಿಚ್

ನಮ್ಮ ಮನೆಯಲ್ಲಿ ಈಗ ವಿಡಿಯೋ ಗೇಮ್ ಆಡೋ ಮೂರು ಕನ್ಸೋಲ್ ಇವೆ. ಪಿಎಸ್ 5 (ಪ್ಲೇಸ್ಟೇಷನ್ 5) ನನ್ನದು, ಎಕ್ಸ್‌ಬಾಕ್ಸ್ ಸೀರೀಸ್ ಎಸ್ ತಮ್ಮನದು, ನಿಂಟೆಂಡೊ ಸ್ವಿಚ್ ಅಕ್ಕ ಅಮೆರಿಕದಿಂದ ಬರುವಾಗ ತಂದಿದ್ದು. ಯಾವುದರಲ್ಲಿ ಗ್ರಾಫಿಕ್ಸ್ ಚೆನ್ನಾಗಿದೆ ಅಂತ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ನೋಡಿದ್ದು ಒಂದೇ ವಿಷಯ. ಅಷ್ಟು ದುಡ್ಡು ಕೊಟ್ಟು ತಂದ ಮೇಲೆ, ಮತ್ತೆ ಅಂಗಡಿಗೆ ಓಡದೆ ಮನೆಮಂದಿ ಕೂತು ಆಡೋಕೆ ಬೇಕಾದದ್ದೆಲ್ಲ ಪೆಟ್ಟಿಗೆಯಲ್ಲೇ ಇದೆಯಾ?

ಪಿಎಸ್ 5 ನಮ್ಮ ದೇಶಕ್ಕೆ ಬಂದಿದ್ದು 2021ರ ಫೆಬ್ರವರಿಯಲ್ಲಿ, ಡಿಸ್ಕ್ ಹಾಕಿ ಆಡೋ ಮಾದರಿಗೆ ಆಗ 49,990 ರೂಪಾಯಿ. ಒಳಗೆ ಕೈಯಲ್ಲಿ ಹಿಡಿದು ಆಡೋ ಕಂಟ್ರೋಲರ್ ಮಾತ್ರ ಒಂದೇ. ನಾನು ಬಿಚ್ಚಿದ ಸಂಜೆ ತಮ್ಮ ಪಕ್ಕದಲ್ಲೇ ಕೂತಿದ್ದ. ಒಂದು ಮ್ಯಾಚ್ ನಾನು, ಒಂದು ಮ್ಯಾಚ್ ಅವನು, ಹಾಗೇ ಕೈ ಬದಲಾಯಿಸಿಕೊಂಡು ರಾತ್ರಿ ಹನ್ನೊಂದಾಯಿತು. ಫುಟ್‌ಬಾಲ್ ಆಟವನ್ನು ಎದುರುಬದುರಾಗಿ ಆಡೋದೇ ಮಜಾ ಅಲ್ವಾ? ಇನ್ನೊಂದು ಕಂಟ್ರೋಲರ್ ಬೇಕು ಅಂದರೆ ಆಗ 5,990 ರೂಪಾಯಿ. ಎಕ್ಸ್‌ಬಾಕ್ಸ್‌ನದ್ದೂ ಇದೇ ಕಥೆ, ಒಂದೇ ಕಂಟ್ರೋಲರ್. ನಾವು ಚಿಕ್ಕವರಿದ್ದಾಗ ನ್ಯಾಷನಲ್ ಮಾರ್ಕೆಟ್‌ನಿಂದ ಅಪ್ಪ ತಂದುಕೊಟ್ಟ ಅಗ್ಗದ ವಿಡಿಯೋ ಗೇಮ್‌ನಲ್ಲೇ ಎರಡು ಕಂಟ್ರೋಲರ್ ಇರುತ್ತಿತ್ತು, ಜೊತೆಗೆ ಒಂದು ಗನ್ ಕೂಡ.

ಸ್ವಿಚ್ ಇಲ್ಲಿ ಗೆದ್ದುಬಿಡುತ್ತೆ. ಅದರ ಎಡ, ಬಲ ಬದಿಗೆ ಸಿಕ್ಕಿಸಿರೋ ಜಾಯ್‌ಕಾನ್ ಅನ್ನೋ ಪುಟ್ಟ ಕಂಟ್ರೋಲರ್‌ಗಳನ್ನು ಕಳಚಿ, ಅಡ್ಡ ಹಿಡಿದರೆ ಎರಡು ಕಂಟ್ರೋಲರ್ ಆಗುತ್ತವೆ. ಪೆಟ್ಟಿಗೆಯಲ್ಲಿರೋ ಕೈಪಟ್ಟಿಯನ್ನು ಜಾರಿಸಿ ಕೂರಿಸಿದರೆ ಅಂಚಿನ ಸಣ್ಣ ಬಟನ್‌ಗಳು ಬೆರಳಿಗೆ ಚೆನ್ನಾಗಿ ಸಿಗುತ್ತವೆ. ಅಕ್ಕನ ಮಗಳು ಬಂದ ಹತ್ತೇ ನಿಮಿಷಕ್ಕೆ ನನ್ನ ಜೊತೆ ಕಾರ್ ರೇಸ್ ಆಡುತ್ತಿದ್ದಳು. ದೊಡ್ಡವರ ಕೈಗೆ ಅದು ಸಣ್ಣದೇ, ಅರ್ಧ ಗಂಟೆ ಆದ ಮೇಲೆ ಹೆಬ್ಬೆರಳು ನೋಯುತ್ತೆ. ಆದರೂ ಮೊದಲ ದಿನವೇ ಇಬ್ಬರೂ ಆಡಿದೆವು, ನನಗೆ ಅದು ತುಂಬಾ ದೊಡ್ಡದು. ಎರಡನ್ನೂ ಸೇರಿಸಿ ಹಿಡಿಯೋ ಗ್ರಿಪ್ ಕೂಡ ಕೊಟ್ಟಿದ್ದಾರೆ, ಆದರೆ ಆ ಗ್ರಿಪ್‌ನಿಂದ ಚಾರ್ಜ್ ಆಗಲ್ಲ. ಚಾರ್ಜ್ ಆಗೋದನ್ನು ಬೇರೆ ಮಾರುತ್ತಾರೆ. ಅದನ್ನೇ ಒಳಗೆ ಇಡಬೇಕಿತ್ತು.

ಈಗ ಬ್ಯಾಟರಿ. ಎಕ್ಸ್‌ಬಾಕ್ಸ್ ಕಂಟ್ರೋಲರ್ ಜೊತೆ ಬರೋದು ಎರಡು ಪೆನ್ಸಿಲ್ ಸೆಲ್. ಚಾರ್ಜ್ ಆಗೋ ಬ್ಯಾಟರಿಯೂ ಇಲ್ಲ, ಯುಎಸ್‌ಬಿ ವೈರೂ ಇಲ್ಲ. ಒಂದು ಭಾನುವಾರ ಸೆಲ್ ಮುಗಿಯಿತು, ಪಕ್ಕದ ಅಂಗಡಿ ಬಾಗಿಲು ಹಾಕಿತ್ತು. ತಮ್ಮ ಹಾಲ್‌ನ ಗಡಿಯಾರದಿಂದ ಒಂದು, ಅಜ್ಜಿ ಕೋಣೆಯ ಗಡಿಯಾರದಿಂದ ಒಂದು ಸೆಲ್ ತೆಗೆದು ಹಾಕಿಕೊಂಡ. ಅಜ್ಜಿಗೆ ಸಾಯಂಕಾಲ ಎಷ್ಟೊತ್ತಾದರೂ ನಾಲ್ಕೂಕಾಲೇ. ಸೆಲ್‌ನಿಂದ ಲಾಭವೂ ಇದೆ, ಅದನ್ನು ಹೇಳಲೇಬೇಕು: ಹಳೆಯದು ತೆಗೆದು ಹೊಸದು ಹಾಕಿದರೆ ತಕ್ಷಣ ಆಟ ಶುರು, ಹತ್ತು ವರ್ಷ ಆದರೂ ಕಂಟ್ರೋಲರ್ ಬ್ಯಾಟರಿ ಸತ್ತು ಮೂಲೆ ಸೇರಲ್ಲ. ಪಿಎಸ್ 5 ಕಂಟ್ರೋಲರ್‌ನ ಬ್ಯಾಟರಿ ಒಳಗೇ ಇದೆ, ವೈರೂ ಕೊಡುತ್ತಾರೆ, ನನಗೆ ಏಳೆಂಟು ಗಂಟೆ ಬರುತ್ತೆ. ಆದರೆ ಬ್ಯಾಟರಿ ಹಾಳಾದ ದಿನ ಬಿಚ್ಚಿ ಬದಲಾಯಿಸೋದು ಎಲ್ಲರ ಕೈಲಿ ಆಗೋ ಕೆಲಸ ಅಲ್ಲ. ನನ್ನ ಪ್ರಕಾರ ಸರಿಯಾದ ದಾರಿ ಅಂದರೆ ಸೆಲ್ ಹಾಕೋ ಜಾಗ ಹಾಗೇ ಇರಲಿ, ಅದಕ್ಕೆ ಚಾರ್ಜ್ ಆಗೋ ಬ್ಯಾಟರಿ ಮತ್ತು ವೈರು ಪೆಟ್ಟಿಗೆಯಲ್ಲೇ ಬರಲಿ.

ಆಟಗಳನ್ನು ಇಟ್ಟುಕೊಳ್ಳೋ ಜಾಗದ ವಿಷಯಕ್ಕೆ ಬಂದರೆ ಮೂವರೂ ಜಿಪುಣರೇ. ಸೀರೀಸ್ ಎಸ್‌ನಲ್ಲಿ 512 ಜಿಬಿ ಅಂತ ಬರೆದಿದೆ, ಆಟಕ್ಕೆ ಸಿಗೋದು 364. ಮೊದಲು ಬಂದ ಪಿಎಸ್ 5ರಲ್ಲಿ 825 ಅಂತ ಇದೆ, ಸಿಗೋದು 667. ಮೊದಲ ಸ್ವಿಚ್‌ನಲ್ಲಂತೂ ಬರೀ 32. ಈಗಿನ ದೊಡ್ಡ ಆಟಗಳು ಒಂದೊಂದೇ 100 ಜಿಬಿ ದಾಟುತ್ತವೆ. ಜಾಗ ಸಾಲಲ್ಲ ಅಂತ ಒಂದನ್ನು ಅಳಿಸಿ, ಆಮೇಲೆ ಮತ್ತೆ ಬೇಕು ಅಂದರೆ 40 ಎಂಬಿಪಿಎಸ್ ಇಂಟರ್ನೆಟ್ ಲೈನ್‌ನಲ್ಲಿ ಐದೂವರೆ ಗಂಟೆ ಕಾಯಬೇಕು, ಮಧ್ಯೆ ಕರೆಂಟ್ ಹೋದರೆ ಇನ್ನೂ ಜಾಸ್ತಿ. ಆದರೆ ಜಾಗ ಹೆಚ್ಚಿಸಿಕೊಳ್ಳೋ ದಾರಿ ಮೂರರಲ್ಲೂ ಬೇರೆ ಬೇರೆ. ಸ್ವಿಚ್‌ಗೆ ಮೊಬೈಲ್‌ಗೆ ಹಾಕೋ ಮೆಮೊರಿ ಕಾರ್ಡೇ ಸಾಕು. ಪಿಎಸ್ 5ಕ್ಕೆ ಕಂಪ್ಯೂಟರ್ ಅಂಗಡಿಯಲ್ಲಿ ಸಿಗೋ ಎಂ.2 ಎಸ್‌ಎಸ್‌ಡಿ (ಒಳಗೆ ಕೂರಿಸೋ ಸಣ್ಣ ಸ್ಟೋರೇಜ್ ಪಟ್ಟಿ) ನಡೆಯುತ್ತೆ, ಅದಕ್ಕೆ ಹೇಳಿರೋ ವೇಗ ಇರಬೇಕು, ಬಿಸಿ ಹೀರೋ ಹೀಟ್‌ಸಿಂಕ್ ಕೂಡ ಇರಬೇಕು. ಒಂದು ಸ್ಕ್ರೂಡ್ರೈವರ್ ಹಿಡಿದು ನಾನೇ ಹಾಕಿಕೊಂಡೆ. ಎಕ್ಸ್‌ಬಾಕ್ಸ್‌ಗೆ ಮಾತ್ರ ಅದಕ್ಕೇ ಅಂತ ಮಾಡಿದ ಕಾರ್ಡ್ ಬೇಕು. ಮಾಮೂಲಿ ಹಾರ್ಡ್‌ಡಿಸ್ಕ್ ಚುಚ್ಚಿದರೆ ಹಳೆ ಆಟ ನಡೆಯುತ್ತೆ, ಹೊಸ ಆಟಗಳನ್ನು ಇಟ್ಟುಕೊಳ್ಳಬಹುದು, ಆದರೆ ಅಲ್ಲಿಂದಲೇ ಆಡೋಕಾಗಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಆಡೋರಿಗೆ ಇನ್ನೊಂದು ಮಾತು. ನಮ್ಮ ಕಿವಿಯಲ್ಲಿರೋ ಮಾಮೂಲಿ ಬ್ಲೂಟೂತ್ ಇಯರ್‌ಫೋನ್ ಪಿಎಸ್ 5ಕ್ಕೂ ಸೇರಲ್ಲ, ಎಕ್ಸ್‌ಬಾಕ್ಸ್‌ಗೂ ಸೇರಲ್ಲ. ಸ್ವಿಚ್‌ಗೆ 2021ರ ಅಪ್‌ಡೇಟ್‌ನಲ್ಲಿ ಬಂತು. ಪಿಎಸ್ 4ರ ಪೆಟ್ಟಿಗೆಯಲ್ಲಿ ಒಂದೇ ಕಿವಿಗೆ ಹಾಕೋ ಹೆಡ್‌ಸೆಟ್ ಆದರೂ ಇರುತ್ತಿತ್ತು, 5ರಲ್ಲಿ ಅದೂ ಇಲ್ಲ. ಪುಣ್ಯಕ್ಕೆ ಎರಡು ಕಂಟ್ರೋಲರ್‌ಗೂ ಹಳೆ ಕಾಲದ ಜ್ಯಾಕ್ ಇದೆ, ಡ್ರಾಯರ್‌ನಲ್ಲಿ ಬಿದ್ದಿದ್ದ ಹಳೆ ಫೋನಿನ ಇಯರ್‌ಫೋನ್ ಕೆಲಸಕ್ಕೆ ಬಂತು.

ಟಿವಿಗೆ ಜೋಡಿಸೋ ಎಚ್‌ಡಿಎಂಐ ಕೇಬಲ್ ಮೂರರಲ್ಲೂ ಇದೆ, ತಕರಾರಿಲ್ಲ. ನಿಲ್ಲಿಸೋ ಸ್ಟ್ಯಾಂಡ್ ಮೊದಲ ಪಿಎಸ್ 5ರ ಜೊತೆ ಬರುತ್ತಿತ್ತು, 2023ರ ಸಣ್ಣ ಮಾದರಿ ಸ್ಲಿಮ್‌ಗೆ ಬೇರೆ ಕೊಳ್ಳಬೇಕು. ಪಿಎಸ್ 5 ಮಾಡಿದ ನಿಜವಾದ ಒಳ್ಳೆ ಕೆಲಸ ಅಂದರೆ ಒಳಗೇ ಒಂದು ಪೂರ್ತಿ ಆಟ, ಆಸ್ಟ್ರೋಸ್ ಪ್ಲೇರೂಮ್. ಪುಟಾಣಿ ರೋಬೋ ಮರಳ ಮೇಲೆ ನಡೆದರೆ ಒಂದು ಥರ, ಗಾಜಿನ ಮೇಲೆ ನಡೆದರೆ ಇನ್ನೊಂದು ಥರ ಕಂಟ್ರೋಲರ್ ಕೈಯಲ್ಲಿ ಅದುರುತ್ತೆ. ಅಮ್ಮನೂ ಒಮ್ಮೆ ಹಿಡಿದು ನೋಡಿ, ಇನ್ನೊಂದು ಸಲ ಆಡಿದರು. ಬೇರೆ ಎರಡರಲ್ಲಿ ಇಂಥದ್ದು ಇಲ್ಲ.

ಹಾಗಾಗಿ ಮನೆಯಲ್ಲಿ ಮಕ್ಕಳಿದ್ದು ಒಟ್ಟಿಗೆ ಆಡೋರಾದರೆ ಸ್ವಿಚ್ ತಗೊಳ್ಳಿ. ಅಮೆರಿಕದಿಂದ ತರಿಸಿದರೆ ಅಡಾಪ್ಟರ್ 240 ವೋಲ್ಟ್‌ಗೂ ನಡೆಯುತ್ತೆ, ಒಂದು ಕನ್ವರ್ಟರ್ ಪಿನ್ ಸಾಕು. ಒಬ್ಬರೇ ದೊಡ್ಡ ಆಟ ಆಡೋರಾದರೆ ಪಿಎಸ್ 5. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನ ಬೆಲೆ ಕಡಿಮೆ ಅಂತ ಹೋಗೋರು ಮಾತ್ರ ಇನ್ನೊಂದು ಕಂಟ್ರೋಲರ್, ಚಾರ್ಜ್ ಆಗೋ ಸೆಲ್, ಅದಕ್ಕೇ ಅಂತ ಮಾಡಿದ ಆ ಕಾರ್ಡ್ ಮೂರನ್ನೂ ಕೂಡಿಸಿ ಲೆಕ್ಕ ಹಾಕಿ, ಆಮೇಲೆ ಅಂಗಡಿಗೆ ಹೋಗಿ.