‘1975ರ’ 6502 ಅಂತ ಟೋಪಿ ಹಾಕ್ತಿದ್ದಾರೆ, ನೀವಾದರೂ ನೋಡಿಕೊಂಡು ತಗೊಳ್ಳಿ

₹18,500. ಮೊದಲೇ ಹೇಳಿಬಿಡ್ತೀನಿ, ಆಮೇಲೆ ಹೇಳೋಕೆ ಇನ್ನೂ ನಾಚಿಕೆ ಆಗುತ್ತೆ. ಒಂದು ಚಿಪ್‌ಗೆ. ಒಂದೇ ಒಂದು ಚಿಪ್‌ಗೆ, 6502 ಅನ್ನೋ ಹಳೇ ಕಂಪ್ಯೂಟರ್ ಪ್ರೊಸೆಸರ್‌ಗೆ.

ಕಿಮ್-1 ಅನ್ನೋ 6502 ಕಂಪ್ಯೂಟರ್ ಕಟ್ಟಿದವರಿಗೆ ಈ ಹುಚ್ಚು ಗೊತ್ತಿರುತ್ತೆ. 1976ರ ಬೋರ್ಡು, 1 ಕೆ ಮೆಮೊರಿ, ಆರು ಕೆಂಪು ಅಂಕಿ, ಕ್ಯಾಲ್ಕುಲೇಟರ್‌ನಂಥ ಕೀಪ್ಯಾಡು. ಅಸಲಿ ಬೋರ್ಡಿನ 6530 ಚಿಪ್‌ಗಳಲ್ಲಿ ಕೀಪ್ಯಾಡು, ಅಂಕಿ ನೋಡಿಕೊಳ್ಳೋ ಮಾನಿಟರ್ ಪ್ರೋಗ್ರಾಮು ಕಾರ್ಖಾನೆಯಲ್ಲೇ ಅಚ್ಚಾಗಿ ಬಂದಿರುತ್ತೆ, ಬೇರೆ ನಂಬರಿನ 6530 ತಂದು ಕೂರಿಸಿದರೆ ಪ್ರಯೋಜನ ಇಲ್ಲ. ಹಾಗಾಗಿ ನಾನೂ ಎಲ್ಲರ ಹಾಗೆ ಅದರ ಬದಲು 6532 ಚಿಪ್ಪು ಮತ್ತು ಈಪ್ರಾಮ್ (ನಾವೇ ಪ್ರೋಗ್ರಾಮು ತುಂಬೋ ಮೆಮೊರಿ ಚಿಪ್ಪು) ಹಾಕಿ ನಕಲು ಬೋರ್ಡು ಕಟ್ಟಿದ್ದೆ. ಎಸ್‌.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿ ಸುತ್ತಿ ಸಾಕೆಟ್ಟು, ಕೆಪಾಸಿಟರ್ ಹೆಕ್ಕಿ ತಂದು ಮೂರು ತಿಂಗಳು ಕೂತಿದ್ದೀನಿ. ಪ್ರೊಸೆಸರ್ ಒಂದಾದರೂ ಆ ಕಾಲದ್ದೇ ಇರಲಿ ಅಂತ ಆಸೆ. ಆಸೆಯೇ ಹಾಳುಮಾಡಿದ್ದು.

ಮಾರುವವನು ಕಳಿಸಿದ ಫೋಟೊ ನೋಡಿದ್ರೆ ನೀವೂ ಬೀಳ್ತಿದ್ರಿ. ಬಿಳಿ ಸೆರಾಮಿಕ್, ಚಿನ್ನದ ಮುಚ್ಚಳ, ಮೇಲೆ 1975ರ ಗುರುತು. ಜೊತೆಗೆ ಮೆಸೇಜು: “ಸರ್, ಇದು ಆರ್‌ಓಆರ್ ಇಲ್ಲದ ಪೀಸು. ನಿಮ್ಮಂಥ ತಿಳಿದವರಿಗೆ ಮಾತ್ರ ಕೊಡೋದು.” ತಿಳಿದವರು! ಆ ಒಂದು ಮಾತಿಗೆ ಅರ್ಧ ದುಡ್ಡು ಹೋಯ್ತು ಅನ್ಕೊಳ್ಳಿ.

ಆರ್‌ಓಆರ್ ಅಂದ್ರೆ ಬಿಟ್‌ಗಳನ್ನ ಬಲಕ್ಕೆ ತಿರುಗಿಸೋ ಆಜ್ಞೆ. 1976ರ ಮಧ್ಯದವರೆಗೆ ಬಂದ 6502ಗಳಲ್ಲಿ ಅದು ಸರಿಯಾಗಿ ಕೆಲಸ ಮಾಡ್ತಿರಲಿಲ್ಲ. ಆ ದೋಷ ಇದ್ರೇನೇ ಮೊದಮೊದಲ ಪೀಸು ಅಂತ ಚಿಪ್ಪಿಗೆ ಬೆಲೆ. 1975ರಲ್ಲಿ ಹೊಸದಾಗಿ ಬಂದಾಗ ಇದೇ 6502 ಬರೀ 25 ಡಾಲರ್ ಇತ್ತು, ಅದು ಬೇರೆ ಮಾತು.

ಪಾರ್ಸೆಲ್ ಬಂತು. ರಾತ್ರಿ ಹನ್ನೊಂದಕ್ಕೆ ಸಾಕೆಟ್ಟಿಗೆ ಕೂರಿಸಿದೆ. ಅಂಕಿ ಹೊತ್ತಿಕೊಂಡವು. ಕುಣಿದಾಡೋದೊಂದು ಬಾಕಿ. ಆಮೇಲೆ ಮೆಮೊರಿಯ 0200ನೇ ಜಾಗದಿಂದ ಒಂದೊಂದೇ ಬೈಟ್ ಒತ್ತಿದೆ: 38, ಎ9, 02, 6ಎ, 85, 00, 4ಸಿ, 4ಎಫ್, 1ಸಿ. ಕ್ಯಾರಿ ಅನ್ನೋ ಬಿಟ್ಟನ್ನ 1 ಮಾಡು, 02 ತಗೊ, ಬಲಕ್ಕೆ ತಿರುಗಿಸು, 0000ದಲ್ಲಿ ಇಡು, ಮಾನಿಟರಿಗೆ ವಾಪಸ್ ಹೋಗು, ಅಷ್ಟೇ. ಹಳೇ ಚಿಪ್ ಆಗಿದ್ರೆ ತಪ್ಪಾಗಿ ಎಡಕ್ಕೆ ಜಾರಿ 04 ಬರಬೇಕು. ‘ಗೋ’ ಒತ್ತಿ 0000 ತೆಗೆದು ನೋಡಿದೆ.

81.

ಸರಿಯಾದ ಉತ್ತರ. ದರಿದ್ರ ಸರಿಯಾದ ಉತ್ತರ. ಮತ್ತೆ ಒತ್ತಿದೆ, 81. ನಾನೇ ತಪ್ಪು ಒತ್ತಿರಬೇಕು ಅಂತ ಪವರ್ ಆಫ್ ಮಾಡಿ ಮೊದಲಿಂದ ಒತ್ತಿದೆ, 81. ಹೆಂಡತಿ ಎದ್ದು ಬಂದು ಕೇಳಿದಳು, ಹೇಳಿದೆ. “ಸರಿಯಾಗಿ ಕೆಲಸ ಮಾಡ್ತಿದೆ ಅಂತ ಅಳ್ತಾ ಇದೀರೇನ್ರೀ?” ಅಂದಳು. ಏನು ಉತ್ತರ ಕೊಡ್ಲಿ?

ಬೆಳಿಗ್ಗೆ ಭೂತಗನ್ನಡಿ ಹಿಡಿದು ನೋಡಿದ್ರೆ ಅಕ್ಷರದ ಕೆಳಗೆ ಒಂದೇ ದಿಕ್ಕಿಗೆ ಉಜ್ಜಿದ ಸಣ್ಣ ಗೀರುಗಳು. ಅಸಿಟೋನ್ ಅದ್ದಿದ ಹತ್ತಿಯಲ್ಲಿ ಮೂಲೆ ಒರೆಸಿದೆ, 1975 ಹತ್ತಿಗೆ ಬಂತು.

ಅವನಿಗೆ ಮೆಸೇಜ್ ಮಾಡಿದೆ.
“ಸರ್, ಚಿಪ್ ವರ್ಕಿಂಗ್ ಇದೆಯಲ್ಲ?”
ಇದೆ ಮಾರಾಯ, ಅದೇ ತೊಂದರೆ ಅಂದೆ.
“ವರ್ಕಿಂಗ್ ಇದ್ರೆ ರಿಟರ್ನ್ ಇಲ್ಲ ಸರ್.”
ಆರ್‌ಓಆರ್ ನಡೀತಿದೆ, 1975ರದು ಅಲ್ಲ ಅಂದೆ.
“ಹಾಗಾದ್ರೆ ನಿಮಗೆ ಲಾಭ ಆಯ್ತಲ್ಲ ಸರ್, ಎಕ್ಸ್‌ಟ್ರಾ ಫೀಚರ್.”
ಎಕ್ಸ್‌ಟ್ರಾ ಫೀಚರ್ ಅಂತೆ! ಗುರುತು ಅಳಿಸಿ ಬಂತು ಅಂತ ಹತ್ತಿಯ ಫೋಟೊ ಕಳಿಸಿದ್ದಕ್ಕೆ, “ನೀವೇ ಅಸಿಟೋನ್ ಹಾಕಿ ಐಟಂ ಡ್ಯಾಮೇಜ್ ಮಾಡಿದೀರ ಸರ್, ಇನ್ನು ನಮ್ಮ ಜವಾಬ್ದಾರಿ ಇಲ್ಲ.” ಆಮೇಲೆ ಬ್ಲಾಕ್.

ದುಡ್ಡು ಕೊಡೋಕೆ ಮುಂಚೆ ಆ ಒಂಬತ್ತು ಬೈಟ್ ಒತ್ತಿ ತೋರಿಸಿ ಅಂತ ವಿಡಿಯೊ ಕೇಳಿ. ಬೋರ್ಡ್ ಇಲ್ಲ ಅಂದ್ರೆ, ಆರ್‌ಓಆರ್ ಇಲ್ಲ ಅಂತ ಹೇಗೆ ಗೊತ್ತಾಯ್ತಪ್ಪ ಅಂತ ಕೇಳಿ. ನಾನು ಕೇಳಲಿಲ್ಲ. ಕೇಳಿದ್ರೆ ಬೇರೆಯವರಿಗೆ ಕೊಟ್ಟುಬಿಡ್ತಾನೆ ಅಂತ ಹೆದರಿ ಯುಪಿಐನಲ್ಲಿ ಪೂರ್ತಿ ದುಡ್ಡು ಹಾಕಿಬಿಟ್ಟೆ. ಪೂರ್ತಿ!

ಮೊನ್ನೆ ಗೆಳೆಯನೊಬ್ಬ ಫೋಟೊ ಕಳಿಸಿ, “ಇದು ತಗೊಳ್ಳಬಹುದಾ ನೋಡು, ₹21,000 ಹೇಳ್ತಿದಾನೆ” ಅಂದ. ಅದೇ ಬಿಳಿ ಸೆರಾಮಿಕ್, ಅದೇ ಮುಚ್ಚಳ, ಎಡಗಡೆ ಮೂರನೇ ಕಾಲು ಅದೇ ಥರ ಸ್ವಲ್ಪ ಸೊಟ್ಟ. ಆ ಕಾಲನ್ನ ಇಕ್ಕಳದಲ್ಲಿ ನೆಟ್ಟಗೆ ಮಾಡಿದ್ದು ನಾನೇ. ಚಿಪ್ಪು ಈಗ ನನ್ನ ಬೋರ್ಡಿನ ಮೇಲೆ ಕೂತಿದೆ.