ಪೈಪ್ ಗನ್, ಹುಲಿ ಗೊಂಬೆ, ನಾಯಿ, ಸೋಲಾರ್ ಬೇಲಿ: ನಮ್ಮ ಹಿತ್ತಲಿಗೆ ಆಗಿಬಂದದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸೋಲಾರ್ ಬೇಲಿಗೆ. ಹೊಸನಗರದ ಕಡೆ ಕಾಡಿಗೆ ತಾಗಿಕೊಂಡಿರುವ ಹೆಂಚಿನ ಮನೆ ನಮ್ಮದು. ಹಗಲು ಮಂಗ, ರಾತ್ರಿ ಕಾಡುಹಂದಿ, ಆಗಾಗ ಮುಳ್ಳುಹಂದಿ. ಬಾಳೆಗೊನೆ ಬಲಿಯುವ ಮೊದಲೇ ಖಾಲಿ. ಎಳೆ ಅಡಿಕೆಯ ರಸ ಹೀರಿ ಸಿಪ್ಪೆ ಎಸೆದು ಹೋಗುತ್ತವೆ. ಕೆಸು, ಗೆಣಸು ನೆಟ್ಟ ಜಾಗ ಬೆಳಗಾಗುವಷ್ಟರಲ್ಲಿ ಉತ್ತ ಗದ್ದೆ. ಊರಲ್ಲಿ ಯಾರು ಏನು ಹೇಳಿದರೋ ಅದನ್ನೆಲ್ಲ ತಂದು ನೋಡಿದ್ದಾಯಿತು.

ಪೈಪ್ ಗನ್ ಎಲ್ಲಕ್ಕಿಂತ ಅಗ್ಗ. ಪಿವಿಸಿ ಪೈಪಿಗೆ ಕಾರ್ಬೈಡ್ ಚೂರು ಹಾಕಿ, ನಾಲ್ಕು ಹನಿ ನೀರು ಬಿಟ್ಟು, ಲೈಟರ್ ಒತ್ತಿದರೆ ಢಮಾರ್. ಮೊದಮೊದಲು ಮಂಗಗಳು ಕಾಲಿಗೆ ಬುದ್ಧಿ ಹೇಳಿದವು. ಆಮೇಲೆ ಅವು ಪೈಪನ್ನೇ ಗುರುತು ಹಿಡಿದವು. ಪೈಪ್ ಹಿಡಿದು ಅಂಗಳಕ್ಕೆ ಬಂದರೆ ಧರೆ (ಮಣ್ಣಿನ ದಿಬ್ಬ) ಹತ್ತಿ ಕೂರುತ್ತವೆ, ಅದನ್ನು ಮೂಲೆಗಿಟ್ಟು ಊಟಕ್ಕೆ ಕೂತರೆ ವಾಪಸ್ ಹಾಜರ್. ಮನೆಯಲ್ಲಿ ಯಾರೂ ಇಲ್ಲದಿದ್ದರಂತೂ ಕೇಳುವುದೇ ಬೇಡ. ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ. ಮಲೆನಾಡಿನ ತೇವಕ್ಕೆ ಕಾರ್ಬೈಡ್ ಡಬ್ಬಿಯೊಳಗೇ ಬಿಳಿ ಪುಡಿಯಾಗಿರುತ್ತದೆ, ಲೈಟರ್ ಕಿಡಿ ಹಾರಿಸುವುದಿಲ್ಲ.

ಸದ್ದು ಬರಲಿಲ್ಲ ಎಂದರೆ ಪೈಪಿನ ಬಾಯಿಗೆ ಕಣ್ಣಿಟ್ಟು ನೋಡುವುದು ಎಲ್ಲರಿಗೂ ಅಭ್ಯಾಸ. ಒಳಗೆ ಅಸಿಟಿಲೀನ್ ಗ್ಯಾಸ್ ತುಂಬಿಕೊಂಡಿರುತ್ತದೆ ಎನ್ನುವುದು ಆಗ ನೆನಪಿರುವುದಿಲ್ಲ. 2025ರ ದೀಪಾವಳಿಯಲ್ಲಿ ಭೋಪಾಲ್ ಕಡೆ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಗಿದ್ದು ಇದೇ ಕಾರ್ಬೈಡ್ ಗನ್ನಿನಿಂದ. ಆ ಸುದ್ದಿ ಬಂದ ಮೇಲೆ ಅಮ್ಮ ನಮ್ಮ ಪೈಪನ್ನು ಅಟ್ಟಕ್ಕೆ ಹಾಕಿದರು. ನಾನೂ ಮತ್ತೆ ಇಳಿಸಲು ಹೋಗಿಲ್ಲ.

ಹುಲಿ ಗೊಂಬೆ ವಿಷಯ ಬೇಗ ಮುಗಿಸುತ್ತೇನೆ. 2019ರಲ್ಲಿ ತೀರ್ಥಹಳ್ಳಿ ಹತ್ತಿರದ ನಲ್ಲೂರಿನಲ್ಲಿ ರೈತರೊಬ್ಬರು ನಾಯಿಗೆ ಹುಲಿಯ ಪಟ್ಟೆ ಬಳಿದು ದೇಶಕ್ಕೆಲ್ಲ ಸುದ್ದಿಯಾಗಿದ್ದರಲ್ಲ, ಆ ಐಡಿಯಾ ಗೊಂಬೆಗಿಂತ ಒಂದು ಕೈ ಮೇಲು, ಯಾಕೆಂದರೆ ನಾಯಿ ಓಡಾಡುತ್ತದೆ. ಗೊಂಬೆ ಇಟ್ಟಲ್ಲೇ ಇರುತ್ತದೆ. ದಿನಾ ಜಾಗ ಬದಲಿಸಿದರೆ ಸ್ವಲ್ಪ ಕಾಲ ನಡೆಯುತ್ತದೆ. ನಮ್ಮದರ ಒಂದು ಕಿವಿಯನ್ನು ಮರಿ ಮಂಗವೊಂದು ಕಿತ್ತುಕೊಂಡು ಹೋಯಿತು.

ನಾಯಿ ಒಳ್ಳೆಯದೇ. ಮಂಗ ನೆಲಕ್ಕಿಳಿಯಲು ಬಿಡುವುದಿಲ್ಲ. ಆದರೆ ಹಂದಿ ಬರುವುದು ರಾತ್ರಿ, ಚಿರತೆ ಬರುವುದೂ ರಾತ್ರಿ. ನಮ್ಮ ಕಡೆ ನಾಯಿಯನ್ನು ರಾತ್ರಿ ಒಳಗೇ ಕಟ್ಟಬೇಕು. ಅಲ್ಲಿಗೆ ಅದರದ್ದು ಅರ್ಧ ದಿನದ ಡ್ಯೂಟಿ ಅಷ್ಟೇ.

ಕೋವಿ, ವಿಷ, ಉರುಳು ಯಾವುದಕ್ಕೂ ನಾನು ಕೈ ಹಾಕಿಲ್ಲ. ನಮ್ಮ ಕಡೆಯ ಕೆಂಪು ಮೂತಿಯ ಮಂಗ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ಮೊದಲ ಪಟ್ಟಿಗೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಗೆ ಸೇರಿದೆ. ಕಾನೂನು ಬಿಡಿ, ಮಂಗನ ಕಾಯಿಲೆ ಮೊದಲು ಕಂಡಿದ್ದೇ ನಮ್ಮ ಜಿಲ್ಲೆಯಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ, 1957ರಲ್ಲಿ. ರೋಗ ಬಂದ ಮಂಗ ಸತ್ತು ಬಿದ್ದಲ್ಲಿ ಉಣುಗು ಉದುರುತ್ತವೆ, ಕಾಯಿಲೆ ಹರಡುವುದೇ ಅವುಗಳಿಂದ. ಹಿತ್ತಲಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ಹೇಳುತ್ತೇವೆ. ಹೀಗಿರುವಾಗ ನಾವೇ ಹೊಡೆದು ಕೆಡವುವುದೆಂಥದು?

ಈಗ ಬೇಲಿ. ನಮ್ಮಲ್ಲಿ ಎಲ್ಲರೂ ಐಬೆಕ್ಸ್ ಬೇಲಿ ಎನ್ನುವುದು ಇದಕ್ಕೇ, ಕಂಪನಿ ಯಾವುದೇ ಇರಲಿ. ಮನೆ, ಹಿತ್ತಲು, ಬಾಳೆ, ತರಕಾರಿ ಸೇರಿಸಿ ಸುತ್ತ ಹಾಕಿಸಿದೆವು. ತೋಟಕ್ಕೆಲ್ಲ ಹಾಕುವಷ್ಟು ದುಡ್ಡಿರಲಿಲ್ಲ. ಹೊಡೆತ ಜೋರು, ಆದರೆ ಕ್ಷಣಮಾತ್ರ. ಪ್ರಾಣಿ ಬೆಚ್ಚಿ ಓಡುತ್ತದೆ, ಸಾಯುವುದಿಲ್ಲ. ಬ್ಯಾಟರಿಯ ಕರೆಂಟನ್ನು ಹೀಗೆ ಬಿಟ್ಟು ಬಿಟ್ಟು ತಂತಿಗೆ ಕೊಡುವುದಕ್ಕೆ ಒಂದು ಯಂತ್ರವಿದೆ, ನಾವು ಡಬ್ಬಿ ಎನ್ನುತ್ತೇವೆ. ಕೆಲವರು ಆ ಡಬ್ಬಿಯ ಖರ್ಚು ಉಳಿಸಲು ತಂತಿಗೆ ನೇರ ಲೈನ್ ಕರೆಂಟ್ ಕೊಡುತ್ತಾರೆ. ಅದು ಅಪರಾಧ, ಮನುಷ್ಯರೇ ಸಾಯುತ್ತಾರೆ.

ಬೇಲಿಯ ದೊಡ್ಡ ತಲೆನೋವು ಹುಲ್ಲು. ಹಂದಿಯ ಮೈಗೆ ತಂತಿ ತಾಗಿದರೆ ಅದಕ್ಕೆ ಅಷ್ಟೇನೂ ಲೆಕ್ಕವಿಲ್ಲ, ಒದ್ದೆ ಮೂತಿಗೇ ತಾಗಬೇಕು. ಹಾಗಾಗಿ ಕೆಳಗಿನ ತಂತಿ ನೆಲದಿಂದ ಮುಕ್ಕಾಲು ಅಡಿ ಎತ್ತರದಲ್ಲಿರಬೇಕು. ಅಷ್ಟು ಕೆಳಗಿದ್ದರೆ ಜೂನ್ ಮಳೆಗೆ ಹುಲ್ಲು ಎದ್ದು ತಂತಿ ಮುಟ್ಟುತ್ತದೆ. ಹಸಿ ಹುಲ್ಲಿನ ಮೂಲಕ ಕರೆಂಟು ಭೂಮಿಗೆ ಇಳಿದುಹೋಗುತ್ತದೆ. ಒಂದು ಎಸಳು ತಾಗಿದರೆ ಏನೂ ಆಗುವುದಿಲ್ಲ. ಇಡೀ ಸಾಲು ತಾಗಿದರೆ ಬೇಲಿ ಸುಮ್ನೆ ತಂತಿ. ಅದೇ ಹೊತ್ತಿಗೆ ಬಿಸಿಲಿಲ್ಲ, ಪ್ಯಾನೆಲಿನಿಂದ ಬ್ಯಾಟರಿಗೆ ಚಾರ್ಜ್ ಇಲ್ಲ. ಅಂದರೆ ಸೋರಿಕೆ ಜಾಸ್ತಿ, ಆದಾಯ ಕಡಿಮೆ. ಆಷಾಢದಲ್ಲಿ ಬ್ಯಾಟರಿಯನ್ನು ಮನೆಯೊಳಗೆ ತಂದು ಕರೆಂಟಿನಲ್ಲಿ ಚಾರ್ಜ್ ಮಾಡಲೇಬೇಕು, ಅದೂ ಕರೆಂಟ್ ಇದ್ದರೆ! ಕೂರಿಸಿದ ಅಂಗಡಿಯವರು ಇದರ ಬಗ್ಗೆ ತುಟಿಪಿಟಕ್ ಎಂದಿರಲಿಲ್ಲ.

ಕಳೆನಾಶಕ ಹೊಡೆಯಿರಿ ಎಂದು ಪಕ್ಕದ ಮನೆ ರಾಯರು ಹೇಳಿದರು. ಬೇಲಿಯ ಕೆಳಗಡೆಯೇ ನಮ್ಮ ಬಾವಿ, ಬೇಡವೆಂದೆ. ಕತ್ತಿ ಹಿಡಿದು ಸವರುವುದೇ ಈಗಿನ ಪದ್ಧತಿ. ಎಲ್ಲಿ ಸೋರುತ್ತಿದೆ ಎಂದು ಹಗಲು ಹುಡುಕುವುದು ಕಷ್ಟ. ಕತ್ತಲಾದ ಮೇಲೆ ಟಾರ್ಚ್ ಆರಿಸಿ ಬೇಲಿ ಪಕ್ಕ ನಡೆಯುತ್ತೇನೆ. ಒದ್ದೆ ಎಲೆ ತಾಗಿದ ಕಡೆ ಟಿಕ್, ಟಿಕ್ ಎನ್ನುತ್ತದೆ, ಸಣ್ಣ ನೀಲಿ ಕಿಡಿ ಕಾಣುತ್ತದೆ. ಅಡಿಕೆ ಸೋಗೆ ಬಿದ್ದಿದ್ದರೆ ಅದೂ ಸಿಗುತ್ತದೆ. ಒಮ್ಮೆ ಇನ್ಸುಲೇಟರಿನೊಳಗೆ ಬಸವನಹುಳು ಸೇರಿಕೊಂಡಿತ್ತು.

ಬೇಸಿಗೆಯಲ್ಲಿ ಉಲ್ಟಾ. ಜಂಬಿಟ್ಟಿಗೆ ನೆಲ ಒಣಗಿ ಅರ್ತಿಂಗ್ (ಪ್ರಾಣಿಯ ಮೈಯಿಂದ ನೆಲಕ್ಕಿಳಿದ ಕರೆಂಟು ಡಬ್ಬಿಗೆ ವಾಪಸ್ ಬರುವ ದಾರಿ) ಸಿಗುವುದಿಲ್ಲ, ಹೊಡೆತ ಸಪ್ಪೆಯಾಗುತ್ತದೆ. ಅರ್ತಿಂಗ್ ರಾಡನ್ನು ಬಚ್ಚಲ ನೀರು ಹೋಗುವ ಕಡೆ ಹೂಳಿಸಿದ ಮೇಲೆ ಆ ರಗಳೆ ತೀರಿತು.

ಮಂಗಕ್ಕೆ ಬೇಲಿ ನಡೆಯುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ನಡೆಯುತ್ತದೆ, ಎರಡು ಷರತ್ತಿನ ಮೇಲೆ. ಮರದಿಂದ ನೇರ ತಂತಿಗೆ ಹಾರಿದ ಮಂಗಕ್ಕೆ, ಕರೆಂಟು ತಂತಿ ಮೇಲೆ ಕೂತ ಕಾಗೆಗೆ ಹೇಗೋ ಹಾಗೆ, ಏನೂ ಆಗುವುದಿಲ್ಲ. ಅದಕ್ಕೆ ಮೇಲಿನ ತಂತಿಗಳಲ್ಲಿ ಒಂದು ಕರೆಂಟಿನದು, ಮುಂದಿನದು ಅರ್ತ್‌ನದು, ಹೀಗೆ ಒಂದು ಬಿಟ್ಟು ಒಂದು ಇರಬೇಕು. ಎರಡನ್ನೂ ಹಿಡಿದರೆ ಮಾತ್ರ ಏಟು. ಇನ್ನೊಂದು, ಬೇಲಿ ಮೇಲೆ ಬಾಗಿದ ಕೊಂಬೆ ಇರಬಾರದು. ಹಲಸಿನ ಮರದ ಒಂದು ಭಾರೀ ಕೊಂಬೆ ಕಡಿಸಬೇಕಾಯಿತು, ಅಪ್ಪನಿಗೆ ಅದರ ಬೇಜಾರು ಇನ್ನೂ ಹೋಗಿಲ್ಲ.

ಮುಳ್ಳುಹಂದಿಗೆ ಬೇಲಿ ಅಷ್ಟಕ್ಕಷ್ಟೆ. ಮುಳ್ಳಿನ ಮೇಲೆ ಕರೆಂಟು ನಾಟುವುದಿಲ್ಲ. ತೆಂಗಿನ ಸಸಿಗಳಿಗೆ ತಗಡು ಸುತ್ತಿದ್ದೇವೆ. ಅಟ್ಟಕ್ಕೆ ಬರುತ್ತಿದ್ದ ಕಬ್ಬೆಕ್ಕಿಗೆ ಬೆಳಕಿಂಡಿಗೆ ಹೊಡೆದ ಕೋಳಿ ಜಾಳಿಗೆಯೇ ಸಾಕಾಯಿತು.

ಬೇಲಿಗೆ ದುಡ್ಡು ಜಾಸ್ತಿಯೇ. ಡಬ್ಬಿ, ಬ್ಯಾಟರಿ, ಪ್ಯಾನೆಲ್ ಸೇರಿ 10 ಸಾವಿರದ ಮೇಲೆ ಹೋಗುತ್ತದೆ, ಕಂಬ, ತಂತಿ, ಕೂಲಿ ಬೇರೆ. ಅರಣ್ಯ ಇಲಾಖೆಯಲ್ಲಿ ಸಹಾಯಧನ ಕೇಳಿ ನೋಡಿ, ದುಡ್ಡು ಕಟ್ಟುವ ಮೊದಲೇ ಕೇಳಿ. ಅಡಿಕೆ ದಬ್ಬೆಯ ಕಂಬ ಹಾಕಿದರೆ ಉಳಿತಾಯ ಎನಿಸುತ್ತದೆ, ಮಳೆಗೆ ಬುಡ ಕೊಳೆತು ವಾಲುತ್ತದೆ. ಮೂಲೆಗಳಿಗಾದರೂ ಕಲ್ಲುಕಂಬ ಹಾಕಿಸಿ.

ನನಗೆ ಬೆಳಿಗ್ಗೆ ಕಾಫಿ ಕುಡಿದು ಹಿತ್ತಲು ಸುತ್ತುವ ಅಭ್ಯಾಸ ಮೊದಲಿನಿಂದಲೂ ಇದೆ, ಹಾಗಾಗಿ ಹುಲ್ಲು ಸವರುವುದು ಹೊರೆ ಎನಿಸುವುದಿಲ್ಲ. ಬೆಂಗಳೂರಿನಲ್ಲಿದ್ದು ತಿಂಗಳಿಗೊಮ್ಮೆ ಊರಿಗೆ ಬರುವವರು ಬೇಲಿಗೆ ದುಡ್ಡು ಸುರಿಯಬೇಡಿ. ಮನೆ ಪಕ್ಕದ ನಾಲ್ಕು ಬಾಳೆಗೆ ಬಲೆ ಕಟ್ಟಿಕೊಳ್ಳಿ, ಸಾಕು. ನಮ್ಮ ಗೆಣಸು ಈ ಸಲ ಉಳಿಯಿತು. ಬ್ಯಾಟರಿ ಮಾತ್ರ ಸುಸ್ತಾಗಿದೆ, ಮುಂದಿನ ಮಳೆಗಾಲದೊಳಗೆ ಹೊಸದು ತರಬೇಕು.