ಗೊರೂರು ಹಿನ್ನೀರಿಗೆ 55 ಪೌಂಡ್ ಟ್ರೋಲಿಂಗ್ ಮೋಟಾರ್: ದುಡ್ಡು ಬ್ಯಾಟರಿಗೆ ಹಾಕಿ

ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಲ್ಲಿ ಬಲೆ ಬಿಡಲು ನಮ್ಮ 12 ಅಡಿ ಫೈಬರ್ ದೋಣಿಗೆ 12 ವೋಲ್ಟಿನ, 55 ಪೌಂಡ್ ಥ್ರಸ್ಟಿನ (ದೋಣಿಯನ್ನು ತಳ್ಳುವ ಬಲ) ಟ್ರೋಲಿಂಗ್ ಮೋಟಾರ್, ಅಂದರೆ ಬ್ಯಾಟರಿಯಲ್ಲಿ ಓಡುವ ಸಣ್ಣ ದೋಣಿ ಮೋಟಾರ್ ಹಾಕಿ ಕೆಲವು ವರ್ಷ ಆಯಿತು. ಹಾಸನದ ಸುತ್ತಮುತ್ತ ಕೆರೆ, ಹಿನ್ನೀರಿನಲ್ಲಿ ದೋಣಿ ಇಟ್ಟುಕೊಂಡವರು ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಎಷ್ಟು ಪೌಂಡ್ ಬೇಕು ಅಂತ. ಲೆಕ್ಕ ಸುಲಭ. ದೋಣಿಯ ಒಟ್ಟು ಭಾರದಲ್ಲಿ ಪ್ರತಿ 45 ಕಿಲೋಗೆ ಕನಿಷ್ಠ 2 ಪೌಂಡ್. ನಾನು, ನಮ್ಮ ಭಾವ, ಬಲೆ, ಬ್ಯಾಟರಿ, ಐಸ್ ಡಬ್ಬ ಸೇರಿ 300 ಕಿಲೋ ಅಂದುಕೊಂಡರೆ 14 ಪೌಂಡ್ ಸಾಕು. ಆದರೆ ಅದು ಗಾಳಿಯಿಲ್ಲದ ದಿನದ ಲೆಕ್ಕ. ಆಷಾಢದಲ್ಲಿ ಸಕಲೇಶಪುರದ ಕಡೆಯಿಂದ ಗಾಳಿ ಎದ್ದರೆ ಸಣ್ಣ ಮೋಟಾರ್ ತಿರುಗುತ್ತಲೇ ಇರುತ್ತದೆ, ದೋಣಿ ಮಾತ್ರ ಮುಂದಕ್ಕೆ ಹೋಗುವುದಿಲ್ಲ. 55 ಇದ್ದರೆ ದಡ ಸೇರಬಹುದು. 70-80 ಪೌಂಡಿಗೆ ಹೋದರೆ 24 ವೋಲ್ಟ್ ಬೇಕು, ಅಂದರೆ ಎರಡು ಬ್ಯಾಟರಿ. ಸಣ್ಣ ದೋಣಿಗೆ ಸುಮ್ನೆ ಭಾರ. ವೇಗವೂ ಜಾಸ್ತಿ ಆಗುವುದಿಲ್ಲ. ಇಂಥ ದೋಣಿ ಇಂಥ ಮೋಟಾರಿನಲ್ಲಿ ಗಂಟೆಗೆ 7-8 ಕಿ.ಮೀ. ಹೋದರೆ ಅದೇ ಹೆಚ್ಚು.

ಉಳಿದ ದುಡ್ಡೆಲ್ಲ ಬ್ಯಾಟರಿಗೆ ಇಡಿ. ಫುಲ್ ಸ್ಪೀಡಿನಲ್ಲಿ ಈ ಮೋಟಾರ್ 50 ಆಂಪಿಯರ್‌ವರೆಗೂ ಎಳೆಯುತ್ತದೆ. 100 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಹಾಗಾಗಿ ಫುಲ್ ಸ್ಪೀಡಿನಲ್ಲಿ ಒಂದು ಗಂಟೆಯೂ ಕಷ್ಟ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಹಾಕಿ ನೋಡಿದೆವು. ಓಡುತ್ತದೆ, ಆದರೆ ಕೆಸರಲ್ಲಿ ಅದನ್ನು ಹೊತ್ತು ದೋಣಿಗೆ ಇಡುವುದೇ ಇಬ್ಬರ ಕೆಲಸ. ಈಗ ಇರುವುದು 100 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್. 12 ಕಿಲೋ ಆಸುಪಾಸು, ಒಂದೇ ಕೈಯಲ್ಲಿ ಎತ್ತಬಹುದು. ಎರಡನೇ ಮೂರನೇ ಸ್ಪೀಡಿನಲ್ಲಿ ಓಡಿಸಿದರೆ ಬೆಳಿಗ್ಗೆ ಬಲೆ ಎತ್ತಿ ವಾಪಸ್ ಬರುವಷ್ಟು ಧಾರಾಳವಾಗಿ ಬರುತ್ತದೆ.

ಲಿಥಿಯಂನಲ್ಲಿ ಒಂದು ವಿಷಯ ತಿಳಿದಿರಲಿ. ಲೆಡ್ ಆಸಿಡ್ ಖಾಲಿಯಾಗುವಾಗ ದೋಣಿ ನಿಧಾನವಾಗಿ ಸೋಲುತ್ತಾ ಬರುತ್ತದೆ, ಗೊತ್ತಾಗುತ್ತದೆ. ಲಿಥಿಯಂ ಕೊನೆಯವರೆಗೂ ಒಂದೇ ಸಮನೆ ಎಳೆದು, ಒಳಗಿನ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಕಟ್ ಮಾಡಿದ ತಕ್ಷಣ ನಿಂತುಬಿಡುತ್ತದೆ. ನೀರಿನ ನಡುವೆ ಹಾಗಾದರೆ ಕಷ್ಟ ಅಲ್ವಾ? ಹುಟ್ಟು ದೋಣಿಯಲ್ಲಿ ಇರಲೇಬೇಕು. ಉಳಿದ ಚಾರ್ಜ್ ತೋರಿಸುವ ಮೀಟರನ್ನೂ ಹಾಕಿಸಿಕೊಳ್ಳಿ. ಬ್ಯಾಟರಿ ಹತ್ತಿರವೇ 60 ಆಂಪಿಯರ್ ಬ್ರೇಕರ್ ಕೂರಿಸಿ. ವೈರ್ 16 ಚದರ ಮಿ.ಮೀ. ಇರಲಿ. ತೆಳು ವೈರ್ ಬಿಸಿಯಾಗುತ್ತದೆ.

ಮೋಟಾರನ್ನು ನೀರಿಗೆ ಇಳಿಸುವ ಉದ್ದ ಕೊಳವೆ, ಅಂದರೆ ಶಾಫ್ಟ್, 36 ಇಂಚಿನದು. ಫ್ಯಾನ್ (ಪ್ರೊಪೆಲ್ಲರ್) ನೀರಿನ ಮೇಲ್ಮೈಯಿಂದ ಒಂದಡಿಯಷ್ಟು ಕೆಳಗಿರಬೇಕು, ಇಲ್ಲದಿದ್ದರೆ ಅಲೆಯಲ್ಲಿ ಗಾಳಿ ಎಳೆದು ಸುಮ್ನೆ ಸುತ್ತುತ್ತದೆ. ನೀರು ಇಳಿದಾಗ ಶೆಟ್ಟಿಹಳ್ಳಿ ಚರ್ಚಿನ ಕಡೆಯೆಲ್ಲ ಮರದ ಬೊಡ್ಡೆ, ಹಳೇ ಗೋಡೆ ತಗಲುತ್ತವೆ. ಆಗ ಶಾಫ್ಟ್ ಹಿಡಿದಿರುವ ಕಾಲರ್ ಸಡಿಲಿಸಿ ಮೋಟಾರನ್ನು ಮೇಲಕ್ಕೆತ್ತಿಕೊಳ್ಳುತ್ತೇವೆ. ಬೊಡ್ಡೆಗೆ ಬಡಿದರೆ ಫ್ಯಾನಿನ ಪಿನ್ ಮುರಿದು ಮೋಟಾರ್ ಉಳಿಯುತ್ತದೆ. ಪಿನ್ ಹೋದರೆ ಬೇಸರ ಬೇಡ, ಅದು ಇರುವುದೇ ಅದಕ್ಕೆ.

ನನಗೆ ತುಂಬಾ ಕಾಟ ಕೊಟ್ಟಿದ್ದು ಬಲೆಯ ನೂಲು. ಹರಿದ ನೈಲಾನ್ ಎಳೆ ಫ್ಯಾನಿನ ಹಿಂದೆ ಸುತ್ತಿಕೊಂಡು, ಬಿಸಿಗೆ ಕರಗಿ ಬಳೆ ಥರ ಗಟ್ಟಿಯಾಗಿತ್ತು. ಬ್ಲೇಡಿನಿಂದ ಕೊಯ್ದು ತೆಗೆದೆ, ಅಷ್ಟರಲ್ಲಿ ಆಯಿಲ್ ಸೀಲ್ ಸವೆದು ಒಳಗೆ ನೀರು ಹೋಗಿತ್ತು. ಮಾರಿದವರ ಹತ್ತಿರ ಸೀಲ್ ಇರಲಿಲ್ಲ, ಯಾವಾಗ ಬರುತ್ತದೆ ಅಂತಲೂ ಹೇಳಲಿಲ್ಲ. ಕೊನೆಗೆ ಹಾಸನದ ಮೋಟಾರ್ ರಿವೈಂಡಿಂಗ್ ಅಂಗಡಿಯವರು ಅಳತೆ ತೆಗೆದು ಅದೇ ಸೈಜಿನ ಸೀಲ್ ಹುಡುಕಿ ಹಾಕಿಕೊಟ್ಟರು. ಜೊತೆಗೆ ಕಾರ್ಬನ್ ಬ್ರಷ್ಷೂ ಬದಲಾಯಿಸಿದರು. ಅಂದಿನಿಂದ ತೊಂದರೆಯಿಲ್ಲ. ಬಲೆ ಎತ್ತಿ ಬಂದಾಗೆಲ್ಲ ನಟ್ ಬಿಚ್ಚಿ ಫ್ಯಾನ್ ಎಳೆದು ನೋಡುತ್ತೇನೆ.

ಪೆಟ್ರೋಲ್ ಎಂಜಿನ್ನಿನ ಹೊಗೆಯಿಲ್ಲ, ಸದ್ದಿಲ್ಲ, ಮೀನು ಬೆದರುವುದಿಲ್ಲ. ಬಲೆ ಬಿಡುವವರಿಗೆ ಇದು ನಿಜಕ್ಕೂ ಒಳ್ಳೆಯ ಮೋಟಾರ್. ಕೊಳ್ಳುವ ಮುಂಚೆ ಅಂಗಡಿಯಲ್ಲಿ ಪಿನ್, ಸೀಲ್, ಫ್ಯಾನ್ ಈ ಮೂರೂ ಸ್ಟಾಕ್ ಇದೆಯಾ ಕೇಳಿ. ಇಲ್ಲ ಅಂದರೆ ಬೇರೆ ಅಂಗಡಿ ನೋಡಿ.